ಉಸಿರು ಹಿಡೀರಿ… ಬಿಡಿ

ನಮ್ಮ ಹಲಸೂರಿನ ಮನೆಯಲ್ಲಿ ಬೀರುವಿನ ನೆತ್ತಿಯ ಮೇಲೆ ಒಂದು ಕಟ್ಟು ಇದೆ. ಹಳದಿ, ಕಂದು, ಬಿಳಿ ಕವರುಗಳು. ಒಳಗೆ ನಮ್ಮ ಮನೆತನದ ಮೂಳೆಗಳ ಚರಿತ್ರೆ. ಅಪ್ಪನ ಎದೆ, ಅತ್ತೆಯ ಮಂಡಿ, ಮೂರನೇ ಕ್ಲಾಸಿನಲ್ಲಿದ್ದಾಗ ಮಗ ಜಾರುಬಂಡೆಯಿಂದ ಬಿದ್ದು ಮುರಿದುಕೊಂಡ ಮುಂಗೈ, ನನ್ನ ಸೊಂಟ. ಬೇರೆಯವರ ಮನೆಯ ಫೋಟೋ ಆಲ್ಬಮ್ಮಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಇದರಲ್ಲಿ ದವಡೆಯ ಎಕ್ಸ್‌ರೇ ಒಂದನ್ನು ಬಿಟ್ಟರೆ ಯಾರೂ ನಗುತ್ತಿಲ್ಲ.

ಪ್ರತಿ ದೀಪಾವಳಿಗೆ ಮನೆ ಧೂಳು ಹೊಡೆಯುವಾಗ ಈ ಕಟ್ಟಿಗೆ ಒಂದು ಗಂಡಾಂತರ. ಈ ಸಲ ಎರಡು ಕಡೆಯಿಂದ ಬಂತು. ಹಳೇ ಪೇಪರಿನವನು ಅದನ್ನು ಕಂಡದ್ದೇ ಕಣ್ಣರಳಿಸಿ, "ಸಾರ್, ಇದಕ್ಕೆ ಒಳ್ಳೇ ರೇಟ್ ಕೊಡ್ತೀನಿ" ಎಂದ. ಹಳೆಯ ಎಕ್ಸ್‌ರೇ ಫಿಲಮ್ಮಿನಲ್ಲಿ ಬೆಳ್ಳಿಯ ಅಂಶ ಇರುತ್ತದೆ, ಅದನ್ನು ತೊಳೆದು ತೆಗೆಯುವವರಿದ್ದಾರೆ. ಅಪ್ಪನ ಎದೆಯಲ್ಲಿ ಬೆಳ್ಳಿ ಇತ್ತೆಂದು ನನಗೆ ಗೊತ್ತಾದದ್ದು ಅವತ್ತೇ. ಇನ್ನೊಂದು ಕಡೆ ಅತ್ತೆಯ ತಕರಾರು: "ಅಳಿಯಂದ್ರೇ, ಅದರಲ್ಲಿ ರೇಡಿಯೇಷನ್ ಇರುತ್ತಂತೆ. ನನ್ನ ಮಂಚದ ತಲೆಗೇ ಇಟ್ಟಿದ್ದೀರಲ್ಲ, ಅದಕ್ಕೇ ನಂಗೆ ರಾತ್ರಿ ನಿದ್ದೆ ಇಲ್ಲ." ಮಧ್ಯಾಹ್ನ ಎರಡು ಗಂಟೆ ಗೊರಕೆ ಹೊಡೆದರೆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು ಎಂದು ಅಳಿಯನಾದವನು ಕೇಳುವ ಹಾಗಿಲ್ಲ.

ಇಂಥ ಸಂದೇಹ ಬಂದಾಗ ನಾನು ಫೋನು ಮಾಡುವುದು ಕೆ.ಆರ್. ಪುರದಲ್ಲಿರುವ ನಮ್ಮ ಭಾವನಿಗೆ. ದಂಡಿನ ಕಡೆಯ ಒಂದು ಆಸ್ಪತ್ರೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಎಕ್ಸ್‌ರೇ ಟೆಕ್ನಿಷಿಯನ್ ಆಗಿದ್ದು ನಿವೃತ್ತರಾದವರು. ನನ್ನ ಪ್ರಶ್ನೆ ಕೇಳಿ ಅವರು ಹೇಳಿದ್ದು: "ಏನಯ್ಯಾ, ನಿನ್ನ ಮದುವೆ ಫೋಟೋನೂ ಅದೇ ಬೀರುವಿನಲ್ಲಿದೆ ತಾನೇ? ರಾತ್ರಿ ಹೊತ್ತು ಓಲಗ ಕೇಳಿಸುತ್ತೇನು?"

ಮಾತು ಸರಿ. ಎಕ್ಸ್‌ರೇ ಅನ್ನುವುದು ಬಲ್ಬಿನ ಬೆಳಕಿದ್ದ ಹಾಗೆ. ಸ್ವಿಚ್ಚು ಆರಿಸಿದರೆ ಮುಗಿಯಿತು. ಗೋಡೆಯಲ್ಲಿ ಉಳಿಯುವುದಿಲ್ಲ, ಫಿಲಮ್ಮಿನಲ್ಲಿ ಉಳಿಯುವುದಿಲ್ಲ, ತೆಗೆಸಿಕೊಂಡವನ ಮೈಯಲ್ಲೂ ಉಳಿಯುವುದಿಲ್ಲ. ಆ ಫಿಲಮ್ಮಿನಿಂದ ಯಾರಿಗಾದರೂ ಅಪಾಯ ಇದ್ದರೆ ಅದು ಗ್ರಹಣದ ದಿನ ಮಾತ್ರ. 2019ರ ಡಿಸೆಂಬರ್ 26ರ ಸೂರ್ಯಗ್ರಹಣಕ್ಕೆ ನಮ್ಮ ಬೀದಿಯ ತಾರಸಿಗಳ ಮೇಲೆಲ್ಲ ಜನ ಎಕ್ಸ್‌ರೇ ಹಿಡಿದು ನಿಂತಿದ್ದರು. ಫಿಲಮ್ಮು ಕಣ್ಣು ಕುಕ್ಕುವ ಬೆಳಕನ್ನು ತಡೆಯುತ್ತದೆ, ಕಣ್ಣಿಗೆ ಕಾಣದ ಅತಿಗೆಂಪು ಕಿರಣವನ್ನು ಒಳಗೆ ಬಿಡುತ್ತದೆ. ರೆಟಿನಾ ನೋವಿಲ್ಲದೆ ಸುಟ್ಟುಕೊಳ್ಳುತ್ತದೆ. ಅವತ್ತು ಅಪ್ಪನ ಎದೆಯನ್ನು ಕಣ್ಣಿಗೆ ಅಡ್ಡ ಹಿಡಿದು ಸೂರ್ಯನನ್ನು ದಿಟ್ಟಿಸಿದವರು ಇದೇ ಅತ್ತೆ. ಹೆದರಬೇಕಾದ ಕಡೆ ಧೈರ್ಯ, ಧೈರ್ಯವಾಗಿರಬಹುದಾದ ಕಡೆ ಹೆದರಿಕೆ. ವಿಕಿರಣದ ವಿಷಯದಲ್ಲಿ ನಮ್ಮೆಲ್ಲರ ಲೆಕ್ಕವೂ ಹೀಗೇ ತಲೆಕೆಳಗು.

ದಂಡು ಅಂದೆನಲ್ಲ, ಅದನ್ನಿಷ್ಟು ಹೇಳಿಬಿಡುತ್ತೇನೆ. ಕಂಟೋನ್ಮೆಂಟನ್ನು ಹಳಬರು ದಂಡು ಎಂದೇ ಕರೆಯುತ್ತಿದ್ದರು. ಈಚೆ ದಂಡು, ಆಚೆ ಪೇಟೆ. ದಂಡು ಎಂದ ಮೇಲೆ ಡಾಕ್ಟರುಗಳೂ ಇದ್ದರು. 1883ರಲ್ಲಿ ರೊನಾಲ್ಡ್ ರಾಸ್ ಎಂಬ ಯುವ ಸೇನಾ ವೈದ್ಯ ಇಲ್ಲಿದ್ದಾಗ ಅವನ ಕಿಟಕಿಯ ಹೊರಗೆ ಒಂದು ನೀರಿನ ತೊಟ್ಟಿ, ಅದರ ತುಂಬ ಸೊಳ್ಳೆಮರಿ. ತೊಟ್ಟಿ ಕವುಚಿ ಹಾಕಿದ, ಸೊಳ್ಳೆ ಕಡಿಮೆಯಾಯಿತು. ಮೆಸ್ಸಿನಲ್ಲಿರುವ ತೊಟ್ಟಿಗಳನ್ನೆಲ್ಲ ಹೀಗೇ ಮಾಡೋಣ ಎಂದರೆ ಅಲ್ಲಿಯ ಅಧಿಕಾರಿ ಒಪ್ಪಲಿಲ್ಲ, ಸೃಷ್ಟಿಯ ಕ್ರಮ ಕೆಡುತ್ತದೆ ಎಂದನಂತೆ. ಮುಂದೆ ಮಲೇರಿಯಾ ಹರಡುವುದು ಸೊಳ್ಳೆಯಿಂದ ಎಂದು ತೋರಿಸಿಕೊಟ್ಟು 1902ರಲ್ಲಿ ನೊಬೆಲ್ ಪಡೆದವನು ಇವನೇ. ಕಾಣದ ಶತ್ರುವನ್ನು ಓಡಿಸಲು ಫಿರಂಗಿ ಬೇಕಾಗಲಿಲ್ಲ, ತೊಟ್ಟಿ ಕವುಚುವ ಬುದ್ಧಿ ಸಾಕಿತ್ತು. ಈ ತೊಟ್ಟಿಯನ್ನು ನೆನಪಿಟ್ಟುಕೊಳ್ಳಿ.

ಅದೇ ರಾಸ್ 1895ರ ಸೆಪ್ಟೆಂಬರಿನಲ್ಲಿ ಕಾಲರಾ ಕೆಲಸಕ್ಕೆಂದು ಮತ್ತೆ ಬೆಂಗಳೂರಿಗೆ ಬಂದ. ಎರಡು ತಿಂಗಳು ಕಳೆದು, ನವೆಂಬರ್ 8ರಂದು, ಜರ್ಮನಿಯ ವ್ಯೂರ್ಟ್ಸ್‌ಬರ್ಗಿನಲ್ಲಿ ರಾಂಟ್ಜನ್ ಎಕ್ಸ್‌ರೇ ಕಂಡ. ಹೆಂಡತಿಯ ಕೈಯನ್ನು ಉಂಗುರದ ಸಮೇತ ಚಿತ್ರ ತೆಗೆದ. ಎರಡೇ ವರ್ಷದಲ್ಲಿ ಅದು ದಂಡಿನ ಬೆನ್ನು ಹತ್ತಿ ಹಿಂದೂಸ್ತಾನಕ್ಕೂ ಬಂತು: 1897-98ರಲ್ಲಿ ತೀರಾ ಎಂಬ ಸೀಮೆಯಲ್ಲಿ ನಡೆದ ಕಾಳಗದಲ್ಲಿ ಬೀವರ್ ಎಂಬ ಸೇನಾ ವೈದ್ಯ ವಾಯವ್ಯ ಗಡಿಯ ಗುಡ್ಡಗಳಲ್ಲಿ ಯಂತ್ರ ಹೊರಿಸಿಕೊಂಡು ಓಡಾಡಿ, ಸೈನಿಕರ ಮೈಯಲ್ಲಿ ಹೊಕ್ಕ ಗುಂಡು ಹುಡುಕುತ್ತಿದ್ದ.

ಆ ಕಾಲದಲ್ಲಿ ಯಂತ್ರ ಸರಿಯಿದೆಯೇ ಎಂದು ನೋಡಲು ಕೆಲಸದವರು ತಮ್ಮ ಕೈಯನ್ನೇ ಅಡ್ಡ ಹಿಡಿಯುತ್ತಿದ್ದರು, ನಮ್ಮ ಅಡುಗೆಭಟ್ಟರು ಕಾದ ಕಾವಲಿಗೆ ನೀರು ಚಿಮುಕಿಸಿ ನೋಡುವ ಹಾಗೆ. ಎಡಿಸನ್ನನ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಹೀಗೆ ದಿನವೂ ಕೈ ಹಿಡಿದು, ಚರ್ಮ ಸುಟ್ಟು, ಹುಣ್ಣಾಗಿ, ತೋಳುಗಳನ್ನೇ ಕಳೆದುಕೊಂಡು 1904ರಲ್ಲಿ ತೀರಿಕೊಂಡ. ಎಡಿಸನ್ ಎಕ್ಸ್‌ರೇ ಕೆಲಸವನ್ನೇ ಕೈಬಿಟ್ಟ. 1936ರಲ್ಲಿ ಹ್ಯಾಂಬರ್ಗಿನ ಒಂದು ಆಸ್ಪತ್ರೆಯ ಆವರಣದಲ್ಲಿ ಹೀಗೆ ಸತ್ತ ವೈದ್ಯರು, ನರ್ಸುಗಳು, ಕೆಲಸಗಾರರ ಹೆಸರು ಕೆತ್ತಿಸಿ ವೀರಗಲ್ಲು ನಿಲ್ಲಿಸಿದರು. ನೂರೈವತ್ತಕ್ಕೂ ಹೆಚ್ಚು ಹೆಸರು. ಆಮೇಲೆ ಅದು ಮುನ್ನೂರು ದಾಟಿತು. ನಮ್ಮಲ್ಲಿ ವೀರಗಲ್ಲು ದನ ಬಿಡಿಸಿಕೊಂಡು ಬಂದವನಿಗೆ, ಹುಲಿ ಹೊಡೆದವನಿಗೆ. ಅಲ್ಲಿ ಫೋಟೋ ತೆಗೆದವರಿಗೆ.

ಈ ಕಿರಣ ಮೈಯೊಳಗೆ ಮಾಡುವುದಾದರೂ ಏನು? ನಮ್ಮ ಮೈಯಲ್ಲಿ ಹೆಚ್ಚಿನ ಪಾಲು ನೀರು. ಕಿರಣ ಆ ನೀರಿನ ಅಣುವನ್ನು ಒಡೆದು ಪುಂಡ ಚೂರುಗಳನ್ನು ಬಿಡುತ್ತದೆ. ಅವು ಹೋಗಿ ಜೀವಕೋಶದ ಡಿಎನ್‌ಎ ಎಳೆಯನ್ನು ಕಡಿಯುತ್ತವೆ. ಕೆಲವು ಸಲ ಕಿರಣವೇ ನೇರವಾಗಿ ಕಡಿಯುತ್ತದೆ. ಒಂದೆಳೆ ಕಡಿದರೆ ಕೋಶ ಹೊಲಿದುಕೊಳ್ಳುತ್ತದೆ. ಎರಡೂ ಎಳೆ ಒಂದೇ ಕಡೆ ಕಡಿದರೆ ಹೊಲಿಗೆ ಸೊಟ್ಟಗಾಗಬಹುದು, ಆ ಸೊಟ್ಟವೇ ಎಷ್ಟೋ ವರ್ಷದ ಮೇಲೆ ಕ್ಯಾನ್ಸರಾಗಬಹುದು. 1906ರಲ್ಲೇ ಬರ್ಗೋನಿಯೆ, ಟ್ರಿಬೊಂಡೊ ಎಂಬ ಇಬ್ಬರು ಫ್ರೆಂಚರು ಇದರ ಮುಖ್ಯ ಸೂತ್ರ ಹಿಡಿದರು: ಬೇಗ ಬೇಗ ಒಡೆದು ಎರಡಾಗುವ ಕೋಶಕ್ಕೆ ಪೆಟ್ಟು ಜಾಸ್ತಿ. ಅದಕ್ಕೇ ಹೊಟ್ಟೆಯಲ್ಲಿರುವ ಕೂಸು, ಬೆಳೆಯುವ ಮಗು, ಮೂಳೆಯ ಮಜ್ಜೆ, ಕರುಳಿನ ಒಳಪದರ, ಕೂದಲ ಬುಡ ಇವೆಲ್ಲ ನಾಜೂಕು. ಎಳೇ ಪೈರಿಗೆ ಹಿಡಿದ ಮಂಜು ಬಲಿತ ಮರಕ್ಕೆ ತಟ್ಟುವುದಿಲ್ಲ.

ಕ್ಯಾನ್ಸರಿನ ಕೋಶವೂ ಹೀಗೇ ಗಡಿಬಿಡಿಯಲ್ಲಿ ಬೆಳೆಯುವುದು, ಆದ್ದರಿಂದಲೇ ಅದಕ್ಕೆ ಇದೇ ಮದ್ದು. ನಮ್ಮ ಹಳ್ಳಿಯವರು ರೇಡಿಯೋಥೆರಪಿಗೆ "ಕರೆಂಟ್ ಕೊಡಿಸೋದು" ಎನ್ನುತ್ತಾರೆ. ಒಂದೇ ಸಲ ಕೊಟ್ಟು ಮುಗಿಸದೆ ಇಪ್ಪತ್ತೈದು, ಮೂವತ್ತು ದಿನ ಯಾಕೆ ಓಡಾಡಿಸುತ್ತಾರೆ ಎಂದು ಬೈಯುತ್ತಾರೆ. ಇದರ ಉತ್ತರ ಒಂದು ಟಗರಿನಲ್ಲಿದೆ. ಪ್ಯಾರಿಸ್ಸಿನ ಕ್ಲೋಡ್ ರೆಗೋ ಟಗರಿನ ಬೀಜ ನಿಷ್ಫಲ ಮಾಡಲು ಒಂದೇ ಸಲ ಕಿರಣ ಹಾಯಿಸಿದರೆ ಮೇಲಿನ ಚರ್ಮ ಸುಟ್ಟುಹೋಗುತ್ತಿತ್ತು. ಅದನ್ನೇ ಹಲವು ಸಲಕ್ಕೆ ಹಂಚಿ ಕೊಟ್ಟಾಗ ಕೆಲಸವೂ ಆಯಿತು, ಚರ್ಮವೂ ಉಳಿಯಿತು. ಒಳ್ಳೆಯ ಕೋಶ ರಾತ್ರಿ ಕೂತು ಹರಿದದ್ದನ್ನು ಹೊಲಿದುಕೊಳ್ಳುತ್ತದೆ. ಕೆಟ್ಟದ್ದಕ್ಕೆ ಅಷ್ಟು ನೆಟ್ಟಗೆ ಹೊಲಿಯಲು ಬರುವುದಿಲ್ಲ. ಒಂದು ತಿಂಗಳ ಇಡ್ಲಿಯನ್ನು ಒಂದೇ ಬೆಳಿಗ್ಗೆ ತಿಂದವನ ಗತಿ ನೆನೆಸಿಕೊಂಡರೆ ತತ್ವ ಅರ್ಥವಾಗುತ್ತದೆ.

ಹಾಗೆಂದು ವಿಕಿರಣ ಇಲ್ಲದ ಜಾಗ ಹುಡುಕಿ ಹೊರಡಬೇಡಿ. ಹಲಸೂರಿಗೆ ಹೆಸರು ಕೊಟ್ಟದ್ದು ಹಲಸು ಎನ್ನುತ್ತಾರೆ. ಹಲಸಿನಲ್ಲಿ ಪೊಟ್ಯಾಸಿಯಂ ಇದೆ, ಬಾಳೆಹಣ್ಣಿನಲ್ಲೂ ಇದೆ. ಎಲ್ಲ ಪೊಟ್ಯಾಸಿಯಮ್ಮಿನಲ್ಲೂ ಒಂದು ಚೂರು ವಿಕಿರಣಶೀಲವಾದದ್ದು. ನಮ್ಮ ನಿಮ್ಮ ಮೈಯಲ್ಲಿ ಈ ಕಾರಣಕ್ಕೇ ಸೆಕೆಂಡಿಗೆ ನಾಲ್ಕು ಸಾವಿರದಷ್ಟು ಪರಮಾಣುಗಳು ಸಿಡಿಯುತ್ತಿರುತ್ತವೆ. ಕಾಲ ಕೆಳಗಿನ ಬಂಡೆಯಿಂದ ಒಂದಿಷ್ಟು, ಆಕಾಶದಿಂದ ಒಂದಿಷ್ಟು. ಆಕಾಶದ್ದನ್ನು ಅಳೆಯಲೆಂದೇ ಹೋಮಿ ಭಾಭಾ ಬೆಂಗಳೂರಿನಲ್ಲಿದ್ದಾಗ ಎರಡನೇ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಈ ಊರಿನ ಮೇಲೆಯೇ ವಿಮಾನದಲ್ಲಿ ಉಪಕರಣ ಹಾರಿಸಿದ್ದರು.

ಎಲ್ಲ ಸೇರಿ ಜಗತ್ತಿನ ಸರಾಸರಿ ಮನುಷ್ಯನಿಗೆ ವರ್ಷಕ್ಕೆ 2.4 ಮಿಲಿಸೀವರ್ಟ್ (ಮೈಗೆ ಬೀಳುವ ವಿಕಿರಣದ ಅಳತೆ ಅದು) ಪ್ರಕೃತಿಯೇ ಕೊಡುತ್ತದೆ. ಎದೆಯ ಒಂದು ಎಕ್ಸ್‌ರೇ 0.1ಕ್ಕಿಂತ ಹೆಚ್ಚಲ್ಲ, ಕೆಲವು ದಿನದ ಪ್ರಕೃತಿಯ ಪಾಲು. ಹೊಟ್ಟೆಯ ಸಿಟಿ ಸ್ಕ್ಯಾನ್ ಮಾತ್ರ 8-10 ಇರಬಹುದು. ಮೂರು ನಾಲ್ಕು ವರ್ಷದ ಪಾಲು ಒಂದೇ ಮಧ್ಯಾಹ್ನ. ಅಲ್ಟ್ರಾಸೌಂಡು, ಎಂಆರ್‌ಐ ಎರಡರಲ್ಲೂ ಈ ಕಿರಣವೇ ಇಲ್ಲ. ನಾವೋ ನಾಲ್ಕನ್ನೂ "ಸ್ಕ್ಯಾನಿಂಗ್" ಎಂದು ಒಂದೇ ಚೀಲಕ್ಕೆ ತುಂಬುತ್ತೇವೆ. ಎದೆಯ ಎಕ್ಸ್‌ರೇಗೆ ಗೊಣಗಿದ ನನ್ನ ಅತ್ತೆ ಸಿಟಿಗೆ ನಗುನಗುತ್ತಾ ಹೋಗಿ ಮಲಗಿದ್ದರು, ಅದು ದೊಡ್ಡ ಮಿಷನ್ನು, ಏಸಿ ರೂಮು ಎಂದು.

ರೋಗಿ ವರ್ಷಕ್ಕೆ ಒಂದು ಸಲ ಬಂದು ಹೋಗುತ್ತಾನೆ. ಅಲ್ಲೇ ನಿಂತು ದಿನಕ್ಕೆ ನೂರು ಚಿತ್ರ ತೆಗೆಯುವವನ ಪಾಡೇನು? ಕೆಲಸಗಾರನಿಗೆ ವರ್ಷಕ್ಕೆ ಸರಾಸರಿ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ದಾಟಬಾರದು ಎಂದು ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿ. ಆ ಮಂಡಳಿ ಹುಟ್ಟಿದ್ದು 1983ರ ನವೆಂಬರಿನಲ್ಲಿ. ಭಾವನ ಬಾಯಲ್ಲಿ ಅದರ ಕಾನೂನೆಲ್ಲ ಮೂರು ಮಾತು: ಹೊತ್ತು, ದೂರ, ಅಡ್ಡ. ಕಿರಣದ ಎದುರು ಕಡಿಮೆ ಹೊತ್ತು ಇರು, ದೂರ ನಿಲ್ಲು, ನಡುವೆ ಏನಾದರೂ ಅಡ್ಡ ಇಟ್ಟುಕೋ. ಮೂರರಲ್ಲಿ ದುಡ್ಡು ಬೇಡದ್ದು ದೂರ. ಒಂದು ಮೀಟರಿನಲ್ಲಿದ್ದವನು ಎರಡಕ್ಕೆ ಸರಿದರೆ ಬೀಳುವ ಕಿರಣ ನಾಲ್ಕನೇ ಒಂದು, ಮೂರಕ್ಕೆ ಸರಿದರೆ ಒಂಬತ್ತನೇ ಒಂದು. "ಒಂದು ಹೆಜ್ಜೆ ಹಿಂದೆ ಇಡೋಕೆ ಸರ್ಕಾರದ ಆರ್ಡರ್ ಬೇಕೇನಯ್ಯಾ?" ಎನ್ನುತ್ತಾರೆ.

ಅಡ್ಡ ಇಡುವುದರಲ್ಲಿ ಮುಖ್ಯವಾದದ್ದು ಸೀಸದ ಏಪ್ರನ್ನು. ಒಳಗೆ ಕಾಲು ಮಿಲಿಮೀಟರೋ ಅರ್ಧ ಮಿಲಿಮೀಟರೋ ಸೀಸಕ್ಕೆ ಸಮನಾದ ಪದರ. ಹೆಗಲ ಮೇಲೆ ಮಗು ಹೊತ್ತ ಹಾಗೆ ತೂಕ. ಇದನ್ನು ಕುರ್ಚಿಯ ಮೇಲೆ ಮಡಿಚಿ ಒಗೆದು ಹೋಗುವ ಹುಡುಗರನ್ನು ಕಂಡರೆ ಭಾವನಿಗೆ ಎಲ್ಲಿಲ್ಲದ ಸಿಟ್ಟು. ನಮ್ಮ ಅಕ್ಕನ ಜರತಾರಿ ಸೀರೆ ಬೀರುವಿನಲ್ಲಿ ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಕೂತು ಮಡಿಕೆಯ ಗೆರೆಯಲ್ಲೇ ಹರಿಯಿತಲ್ಲ, ಏಪ್ರನ್ನಿನ ಸೀಸವೂ ಹಾಗೇ ಬಿರುಕು ಬಿಡುತ್ತದೆ. ಸೀರೆಯ ಬಿರುಕು ಕಾಣುತ್ತದೆ, ಇದರದು ಮೇಲಿನ ಬಟ್ಟೆಯೊಳಗೆ ಮುಚ್ಚಿಕೊಂಡಿರುತ್ತದೆ. ಅದಕ್ಕೇ ಹ್ಯಾಂಗರಿಗೆ ನೇತು ಹಾಕಬೇಕು, ಆಗಾಗ ಏಪ್ರನ್ನಿಗೇ ಎಕ್ಸ್‌ರೇ ತೆಗೆದು ನೋಡಬೇಕು. ರೋಗಿಗಳ ಎಲುಬು ನೋಡುವ ಮನೆಯಲ್ಲಿ ಏಪ್ರನ್ನಿಗೂ ಸರದಿ.

ಹೃದಯಕ್ಕೆ ಸ್ಟೆಂಟ್ ಹಾಕುವ ಕ್ಯಾತ್‌ಲ್ಯಾಬಿನವರದು ಇನ್ನೂ ಕಷ್ಟ, ಅವರು ಹಿಂದೆ ಸರಿಯುವ ಹಾಗೇ ಇಲ್ಲ. ರೋಗಿಯ ಮೈಗೆ ಬಿದ್ದ ಕಿರಣ ಅಲ್ಲಿಂದ ಚದುರಿ ಹಾರುತ್ತದೆ; ಅವರ ಪಾಲಿಗೆ ರೋಗಿಯೇ ಉರಿಯುವ ದೀಪ. ಗಂಟೆಗಟ್ಟಲೆ ನಿಂತವರಲ್ಲಿ ಕಣ್ಣಿನ ಪೊರೆ ಬೇಗ ಬರುವುದು ಕಂಡು, 2011ರಲ್ಲಿ ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ ಕಣ್ಣಿನ ಮಸೂರದ ಮಿತಿಯನ್ನು ವರ್ಷಕ್ಕೆ 150ರಿಂದ ಸರಾಸರಿ 20ಕ್ಕೆ ಇಳಿಸಬೇಕೆಂದಿತು. ಸೀಸದ ಕನ್ನಡಕ, ಕತ್ತಿಗೆ ಸೀಸದ ಪಟ್ಟಿ, ಮೇಲಿಂದ ಇಳಿಬಿಟ್ಟ ಗಾಜು. ಇಷ್ಟು ಹೊತ್ತು ನಿಂತು ಯಾರದೋ ಎದೆಯ ನಾಳ ಬಿಡಿಸುವವರಿಗೆ ಸಂಜೆ ಬೆನ್ನುನೋವು ಬರದಿದ್ದರೆ ಆಶ್ಚರ್ಯ.

ಇನ್ನು ಬ್ಯಾಡ್ಜು. ಎದೆಯ ಮೇಲೆ, ಏಪ್ರನ್ನಿನ ಒಳಗೆ ಸಿಕ್ಕಿಸಿಕೊಳ್ಳುವ ಪುಟ್ಟ ಡಬ್ಬಿ. ಒಳಗೆ ಮೂರು ಬಿಲ್ಲೆ. ಬಿದ್ದ ಕಿರಣವನ್ನು ಹೊಟ್ಟೆಯಲ್ಲಿಟ್ಟುಕೊಂಡು, ಲ್ಯಾಬಿನಲ್ಲಿ ಕಾಯಿಸಿದಾಗ ಅಷ್ಟೇ ಲೆಕ್ಕದ ಬೆಳಕಾಗಿ ಕಕ್ಕುತ್ತವೆ. ಮೂರು ತಿಂಗಳಿಗೊಮ್ಮೆ ಲೆಕ್ಕ. ಒಂದು ಸಲ ಭಾವನ ಲೆಕ್ಕ ಹೌಹಾರುವಷ್ಟು ಬಂತು. ವಿಚಾರಣೆಯ ಕಾಗದ, ರಕ್ತಪರೀಕ್ಷೆ, ಅಕ್ಕನ ಕಣ್ಣೀರು. ಕೊನೆಗೆ ತಿಳಿದದ್ದು: ಬ್ಯಾಡ್ಜು ಸಿಕ್ಕಿಸಿದ್ದ ಕೋಟನ್ನು ಎಕ್ಸ್‌ರೇ ರೂಮಿನೊಳಗಿನ ಮೊಳೆಗೇ ನೇತುಹಾಕಿ ಇವರು ವಾರಗಟ್ಟಲೆ ಈಚೆಯಿಂದ ಬಟನ್ ಒತ್ತಿದ್ದರು. "ಬ್ಯಾಡ್ಜು ಡ್ಯೂಟಿ ಮಾಡ್ತಿತ್ತು, ನಾನು ಕಾಫಿ ಕುಡೀತಿದ್ದೆ" ಎಂದು ಈಗ ನಗುತ್ತಾರೆ. ಇದರ ತಿರುವುಮುರುವು ನಗುವ ಸಂಗತಿಯಲ್ಲ: ಲೆಕ್ಕ ಜಾಸ್ತಿ ಬಂದರೆ ಪ್ರಶ್ನೆ ಏಳುತ್ತದೆಂದು ಬ್ಯಾಡ್ಜನ್ನು ಡ್ರಾಯರಿನಲ್ಲಿ ಮಲಗಿಸಿ ತಾವು ಕಿರಣದಲ್ಲಿ ನಿಲ್ಲುವವರೂ ಇದ್ದಾರೆ.

ಭಾವನ ಹಿರಿಯ ಸಹೋದ್ಯೋಗಿಯೊಬ್ಬರು ದಿನಾ ಬಾಳೆಹಣ್ಣು ತಿಂದರೆ ರೇಡಿಯೇಷನ್ ಇಳಿಯುತ್ತದೆ ಎನ್ನುತ್ತಿದ್ದರಂತೆ. ಪಾಪ, ಬಾಳೆಹಣ್ಣಿನ ಗುಟ್ಟು ಅವರಿಗೆ ಗೊತ್ತಿರಲಿಲ್ಲ. ತುಳಸಿಯ ಮಾತು ಬೇರೆ. ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನಲ್ಲಿ ಪಿ. ಉಮಾದೇವಿಯವರು 1990ರ ದಶಕದಲ್ಲಿ ತುಳಸಿ ಎಲೆಯಿಂದ ಓರಿಯೆಂಟಿನ್, ವೈಸೆನಿನ್ ಎಂಬ ಎರಡು ವಸ್ತು ತೆಗೆದು ಇಲಿಗಳಿಗೆ ಕೊಟ್ಟು ನೋಡಿ, ವಿಕಿರಣದ ಪೆಟ್ಟು ತಗ್ಗುವುದನ್ನು ತೋರಿಸಿದರು. ಅತ್ತೆಗೆ ಇದನ್ನು ಹೇಳಿ ನಾನು ಕೆಟ್ಟೆ; ತೀರ್ಥದ ಪ್ರಮಾಣ ದುಪ್ಪಟ್ಟಾಯಿತು. ಇಲಿಗೆ ಆದದ್ದು ಮನುಷ್ಯರಿಗೆ ಮದ್ದಾಗಲು ಬಹಳ ದೂರ ಇದೆ, ತುಳಸಿಕಟ್ಟೆ ಇದೆಯೆಂದು ಏಪ್ರನ್ ಬಿಡುವ ಹಾಗಿಲ್ಲ.

ನನ್ನದೇ ಒಂದು ಪ್ರಸಂಗ. ಅಪ್ಪನಿಗೆ ಕೊನೆಗಾಲದಲ್ಲಿ ನಿಲ್ಲಲಾಗುತ್ತಿರಲಿಲ್ಲ. ಒಂದು ನರ್ಸಿಂಗ್ ಹೋಮಿನಲ್ಲಿ ಟೆಕ್ನಿಷಿಯನ್ ಹುಡುಗ "ಸಾರ್, ಸ್ವಲ್ಪ ಹಿಡ್ಕೊಳ್ಳಿ" ಎಂದು ನನ್ನನ್ನು ಅಪ್ಪನ ಪಕ್ಕ ನಿಲ್ಲಿಸಿ ತಾನು ಗೋಡೆಯ ಹಿಂದೆ ಹೋದ. ನನಗೆ ಏಪ್ರನ್ ಇಲ್ಲ. ಬಾಗಿಲು ಅರ್ಧ ತೆರೆದಿತ್ತು. ಗರ್ಭಿಣಿಯರು ಮೊದಲೇ ತಿಳಿಸಬೇಕು ಎಂಬ ಬೋರ್ಡನ್ನು ಬಂಗಾರದಂಗಡಿಯ ಕ್ಯಾಲೆಂಡರ್ ಮುಚ್ಚಿತ್ತು. ಅದರ ಎದುರಿನ ಬೆಂಚಿನಲ್ಲಿ ಹೆಂಗಸರು ಸಾಲಾಗಿ ಕೂತಿದ್ದರು. ಒಂದು ಎಕ್ಸ್‌ರೇಯಿಂದ ನನಗೇನೂ ಆಗಿಲ್ಲ. ಆದರೆ ಆ ಹುಡುಗ ದಿನಕ್ಕೆ ಎಷ್ಟು ಜನರನ್ನು ಹಾಗೆ ನಿಲ್ಲಿಸುತ್ತಿದ್ದನೋ! ಏಪ್ರನ್ನು ಇರಲಿಲ್ಲ ಅಂತಲ್ಲ, ಮೂಲೆಯ ಕುರ್ಚಿಯ ಮೇಲೆ ಮಡಿಚಿಕೊಂಡು ಕೂತಿತ್ತು.

ಇಂದಿರಾನಗರದ ಮೆಟ್ರೋ ಸ್ಟೇಷನ್ನಿನಲ್ಲಿ ದಿನಾ ಬೆಳಿಗ್ಗೆ ಇನ್ನೊಂದು ತಮಾಷೆ. ಬ್ಯಾಗು ನುಂಗುವ ಎಕ್ಸ್‌ರೇ ಪೆಟ್ಟಿಗೆಯೊಳಗೆ ಊಟದ ಡಬ್ಬಿ ಹೋದರೆ ಸಾಂಬಾರಿಗೆ ರೇಡಿಯೇಷನ್ ಹತ್ತುತ್ತದೆಂದು ಒಬ್ಬಾಕೆ ಡಬ್ಬಿಯನ್ನು ಕೈಯಲ್ಲೇ ಹಿಡಿದು ಜಗಳಕ್ಕೆ ನಿಂತಿದ್ದರು. ಸಾಂಬಾರಿಗೆ ಏನೂ ಆಗುವುದಿಲ್ಲ. ಆ ಜಗಳ ಮುಗಿಯುವ ಮೊದಲೇ ಅವಸರದ ಹುಡುಗನೊಬ್ಬ ಆಚೆ ಬಾಯಿಯಲ್ಲಿ ತೂಗುವ ಕಪ್ಪು ಪಟ್ಟಿಗಳ ಒಳಗೆ ಕೈ ತೂರಿಸಿ ತನ್ನ ಬ್ಯಾಗ್ ಎಳೆದುಕೊಂಡ. ಆ ಪಟ್ಟಿಗಳು ಸೀಸ ಬೆರೆತ ರಬ್ಬರು, ಏಪ್ರನ್ನಿನ ತಮ್ಮಂದಿರು. ಅಲ್ಲಿರುವುದೇ ಕಿರಣ ಹೊರಗೆ ಬರದಿರಲೆಂದು. ಕೈ ಹಾಕಬಾರದ ಕಡೆ ಕೈ, ಇಡಬಹುದಾದ ಕಡೆ ಡಬ್ಬಿ ಇಡಲು ಭಯ.

ಹಳೇ ಪೇಪರಿನವನ ಮಾತಿಗೆ ವಾಪಸು ಬರುತ್ತೇನೆ. ಫಿಲಮ್ಮಿಗೆ ಹೆದರದಿದ್ದರೂ ಗುಜರಿಗೆ ಹೆದರುವುದಕ್ಕೆ ಕಾರಣ ಇದೆ. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯ ಬಳಸದೆ ಬಿದ್ದಿದ್ದ ಒಂದು ಕೋಬಾಲ್ಟ್-60 ಯಂತ್ರವನ್ನು ಹರಾಜು ಹಾಕಿತು. ಅದು ಮಾಯಾಪುರಿಯ ಗುಜರಿ ಸೇರಿತು, ಅಲ್ಲಿ ಬಿಚ್ಚಿದರು. ಕೈ ಸುಟ್ಟವು, ಕೂದಲು ಉದುರಿತು, ಒಬ್ಬ ಸತ್ತ. ಎಕ್ಸ್‌ರೇ ಯಂತ್ರ ಪ್ಲಗ್ ಕಿತ್ತರೆ ಬರೀ ಕಬ್ಬಿಣ. ಕೋಬಾಲ್ಟಿಗೆ ಪ್ಲಗ್ಗೇ ಇಲ್ಲ, ಅದು ಆರುವುದಿಲ್ಲ. ನಮ್ಮ ಶಿವಾಜಿನಗರದ ಗುಜರಿ ಗಲ್ಲಿಗಳಲ್ಲಿ ಕಾರೊಂದು ಹೊಕ್ಕರೆ ಬಿಡಿಭಾಗವಾಗಿ ಹೊರಬರುವುದನ್ನು ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮೂರು ರೆಕ್ಕೆಯ ವಿಕಿರಣದ ಗುರುತು ಇರುವ ಪೆಟ್ಟಿಗೆ ಕಂಡರೆ ಸುತ್ತಿಗೆ ಎತ್ತಬಾರದು, ದೂರ ಸರಿದು ಪೊಲೀಸರಿಗೆ ಹೇಳಬೇಕು.

ಕಟ್ಟು ಕೊನೆಗೆ ಮಾರಾಟವಾಗಲಿಲ್ಲ. ಹೋದ ವಾರ ಅತ್ತೆಯ ಮಂಡಿಗೆ ಹೊಸ ಡಾಕ್ಟರು ಹೊಸ ಎಕ್ಸ್‌ರೇ ಬರೆದರು. ನಾನು ಕವರು ಬಿಚ್ಚಿ ಎರಡು ತಿಂಗಳ ಹಿಂದಿನದನ್ನು ದೀಪದ ಹಲಗೆಗೆ ಸಿಕ್ಕಿಸಿದೆ. ಅವರು ನೋಡಿ, "ಇದೇ ಸಾಕು ಬಿಡಿ" ಎಂದರು. ಬೆಳ್ಳಿಗಿಂತ ಲಾಭ. ರಾಸ್ ಕವುಚಿದ ತೊಟ್ಟಿ ಎಂದರೆ ಇದೇ: ಬೇಡದ ಕಿರಣ ಮೈಗೆ ಬೀಳದ ಹಾಗೆ ಮಾಡುವ ಸಣ್ಣ ಸಣ್ಣ ಕೆಲಸಗಳು. ಹಳೆಯ ಚಿತ್ರ ಜೊತೆಗೆ ಒಯ್ಯುವುದು, ಹೊಟ್ಟೆಯಲ್ಲಿ ಕೂಸಿದ್ದರೆ ಬಾಯಿಬಿಟ್ಟು ಹೇಳುವುದು, ರೋಗಿಯನ್ನು ಹಿಡಿದುಕೊಳ್ಳಿ ಎಂದರೆ "ಏಪ್ರನ್ ಎಲ್ಲಿ?" ಎಂದು ಕೇಳುವುದು. ಬೇಕಾದ ಚಿತ್ರಕ್ಕೆ ಹೆದರಿ ರೋಗ ಮುಚ್ಚಿಟ್ಟುಕೊಳ್ಳುವುದು ಇದರಲ್ಲಿ ಸೇರಿಲ್ಲ.

ಇನ್ನೂ ಒಂದಿದೆ, ಅದು ಭಾವನ ಅನುಭವದ್ದು. ದಂಡಿನಲ್ಲಿ ಬರುವ ರೋಗಿ ಯಾವ ಭಾಷೆಯವನೋ ಗೊತ್ತಾಗುವುದಿಲ್ಲ. ಅವರು "ಉಸಿರು ಹಿಡೀರಿ" ಎಂದು ಕನ್ನಡದಲ್ಲಿ ಕೂಗಿ, "ಮೂಚ್ಚ ಪುಡಿಂಗ" ಎಂದು ತಮಿಳಿನಲ್ಲಿ, "ಸಾಂಸ್ ರೋಕೋ" ಎಂದು ಉರ್ದುವಿನಲ್ಲಿ, "ಊಪಿರಿ ಪಟ್ಟಂಡಿ" ಎಂದು ತೆಲುಗಿನಲ್ಲಿ ಕೂಗುವಷ್ಟರಲ್ಲಿ ಕನ್ನಡದವನು ಉಸಿರು ಬಿಟ್ಟುಬಿಟ್ಟಿರುತ್ತಿದ್ದ. ಚಿತ್ರ ಕದಡುತ್ತಿತ್ತು. ಇನ್ನೊಂದು ತೆಗೆಯಬೇಕಾಗುತ್ತಿತ್ತು, ಎರಡನೇ ಸಲ ಕಿರಣ. ಆದ್ದರಿಂದ ಉಸಿರು ಹಿಡೀರಿ ಎಂದಾಗ ಹಿಡಿಯಿರಿ, ಬಿಡಿ ಎನ್ನುವವರೆಗೂ ಬಿಡಬೇಡಿ.